ಅಟ್ಟದ ಮೇಲಿನ ಪೆಂಟಿಯಂ

ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಯುಧ ಪೂಜೆ ದಿನ ಒಂದು ಕಪ್ಪು ಲ್ಯಾಪ್‌ಟಾಪ್ ಅಟ್ಟದಿಂದ ಕೆಳಗೆ ಇಳಿಯುತ್ತೆ. ಅಪ್ಪನ ಸ್ಕೂಟರ್, ಮಿಕ್ಸಿ, ಹೊಲಿಗೆ ಮಷಿನ್, ಈಳಿಗೆ ಮಣೆ, ಇವುಗಳ ಜೊತೆ ಅದಕ್ಕೂ ಒಂದು ಬೊಟ್ಟು ಕುಂಕುಮ, ಒಂದು ಸೇವಂತಿಗೆ ಹೂವು. ಮಾರನೇ ದಿನ ಬ್ಯಾಗ್ ಸಮೇತ ಮತ್ತೆ ಅಟ್ಟಕ್ಕೆ. ನನಗೆ ಬುದ್ಧಿ ಬಂದಾಗಿಂದ ಅದು ಆನ್ ಆಗಿದ್ದನ್ನ ನೋಡೇ ಇಲ್ಲ. "ಸತ್ತಿರೋ ಲ್ಯಾಪ್‌ಟಾಪ್‌ಗೆ ಯಾಕಮ್ಮ ಪೂಜೆ?" ಅಂತ ಪ್ರತಿ ವರ್ಷ ಕೇಳ್ತಿದ್ದೆ. "ಇರಲಿ ಬಿಡೇ" ಅಂತ ಪ್ರತಿ ವರ್ಷ ಅಮ್ಮ ಹೇಳ್ತಿದ್ದಳು.

ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ಆ ಲ್ಯಾಪ್‌ಟಾಪ್ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಕಾರಣ ನಮ್ಮ ಆಪರೇಟಿಂಗ್ ಸಿಸ್ಟಮ್ಸ್ ಮಿನಿ ಪ್ರಾಜೆಕ್ಟ್. ಲಿನಕ್ಸ್ ಕರ್ನಲ್‌ನ ನಾವೇ ಕಾನ್ಫಿಗರ್ ಮಾಡಿ, ಕಂಪೈಲ್ ಮಾಡಿ, ಬೂಟ್ ಮಾಡಿ ತೋರಿಸಬೇಕಿತ್ತು. ಕ್ಲಾಸಿನಲ್ಲಿ ಎಲ್ಲರೂ ಕ್ಯೂಎಮು ಒಳಗೆ ಒಂದು ಸಂಜೆಯಲ್ಲಿ ಮುಗಿಸೋ ಪ್ಲಾನ್ ಹಾಕಿದ್ದರು. ನಾನು ಸ್ವಲ್ಪ ಬಿಲ್ಡಪ್ ಕೊಡೋಕೆ ಹೋಗಿ, "ನಾನು ನಿಜವಾದ ಹಾರ್ಡ್‌ವೇರ್ ಮೇಲೆ ಮಾಡ್ತೀನಿ, ಅದೂ ಹಳೇ 32 ಬಿಟ್ ಮಷಿನ್ ಮೇಲೆ" ಅಂದುಬಿಟ್ಟೆ. ಸರ್ ಹೆಸರಿನ ಮುಂದೆ ಬರೆದುಕೊಂಡರು. ಆಮೇಲೆ ವಾಪಸ್ ತಗೊಳ್ಳೋ ಹಾಗಿರಲಿಲ್ಲ.

ಹೂವು ತೆಗೆದು, ಕುಂಕುಮ ಒರೆಸಿ, ಅಡಾಪ್ಟರ್ ಚುಚ್ಚಿದೆ. ಬ್ಯಾಟರಿ ಪೂರ್ತಿ ಸತ್ತಿತ್ತು, ಆದರೆ ಮಷಿನ್ ಸತ್ತಿರಲಿಲ್ಲ. ಫ್ಯಾನ್ ಕೆಮ್ಮಿತು, ಬಯಾಸ್ ಬಂತು. ಒಳಗಿನ ಸಣ್ಣ ಸೆಲ್ ಹೋಗಿದ್ದರಿಂದ ಗಡಿಯಾರ 2003ರ ಜನವರಿ 1 ತೋರಿಸ್ತಿತ್ತು. ಪ್ರೊಸೆಸರ್ ಇಂಟೆಲ್ ಪೆಂಟಿಯಂ ಎಂ, 1.4 ಗಿಗಾಹರ್ಟ್ಸ್. ರ‍್ಯಾಮ್ 512 ಎಂಬಿ, ಡಿಸ್ಕ್ 40 ಜಿಬಿ. ನನ್ನ ಫೋನಿನಲ್ಲಿ ಇದಕ್ಕಿಂತ ಹದಿನಾರು ಪಟ್ಟು ರ‍್ಯಾಮ್ ಇದೆ.

ಅಮ್ಮ ಒಂದೇ ಕಂಡೀಷನ್ ಹಾಕಿದಳು. "ಡಿಸ್ಕ್ ಮುಟ್ಟಬೇಡ. ಫಾರ್ಮ್ಯಾಟ್ ಗೀರ್ಮ್ಯಾಟ್ ಮಾಡಿದ್ರೆ ನೋಡು."

"ಪೆನ್‌ಡ್ರೈವ್‌ನಿಂದ ಬೂಟ್ ಮಾಡ್ತೀನಮ್ಮ, ಡಿಸ್ಕಿಗೆ ಏನೂ ಆಗಲ್ಲ" ಅಂದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನಾನು ಮುಂದುವರೆದು, "ಕರ್ನಲ್ ಅಂದ್ರೆ ಏನ್ ಗೊತ್ತಾ ಅಮ್ಮ? ಒಂಥರಾ ಮನೆಗೆ ನೀನಿದ್ದ ಹಾಗೆ. ಎಲ್ಲಾ ಕೆಲಸ ಅದೇ ಮಾಡುತ್ತೆ, ಆದ್ರೆ ಯಾರಿಗೂ ಕಾಣಲ್ಲ" ಅಂತ ವಿವರಿಸಿದೆ. ಅಮ್ಮ ಅವರೆಕಾಯಿ ಸುಲಿಯುತ್ತಾ "ಹೂಂ" ಅಂದಳು. ಈ "ಹೂಂ" ನೆನಪಿಟ್ಟುಕೊಳ್ಳಿ.

ಈಗ ಸ್ವಲ್ಪ ಟೆಕ್ನಿಕಲ್ ವಿಷಯ. ಇನ್ನೂ ಓಎಸ್ ತಗೊಂಡಿರದ ಜೂನಿಯರ್‌ಗಳು ಹೆದರಬೇಡಿ, ನಾನೂ ಪೂರ್ತಿ ತಿಳಿದು ಶುರು ಮಾಡಿದವಳಲ್ಲ.

ಲಿನಕ್ಸ್ ಕರ್ನಲ್ ಒಂದೇ ಸೋರ್ಸ್ ಕೋಡ್, ಆದರೆ ಅದು ಎಷ್ಟೋ ಥರದ ಮಷಿನ್‌ಗಳ ಮೇಲೆ ಓಡುತ್ತೆ. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ಡಿಸ್ಕ್, ಯಾವ ಫೈಲ್ ಸಿಸ್ಟಂ, ಇದನ್ನೆಲ್ಲ ಕಂಪೈಲ್ ಮಾಡೋ ಮುಂಚೆ ನಾವು ಹೇಳಬೇಕು. ಆ ಉತ್ತರಗಳೆಲ್ಲ ಸೇರಿ 'ಡಾಟ್ ಕಾನ್ಫಿಗ್' ಅನ್ನೋ ಒಂದೇ ಫೈಲ್‌ನಲ್ಲಿ ಕೂರುತ್ತವೆ. ಹೆಚ್ಚಿನ ಡ್ರೈವರ್‌ಗಳಿಗೆ ಮೂರು ಉತ್ತರ ಇರುತ್ತೆ. 'ವೈ' ಅಂದ್ರೆ ಕರ್ನಲ್ ಒಳಗೇ ಸೇರಿಸು. 'ಎಂ' ಅಂದ್ರೆ ಬೇರೆ ಮಾಡ್ಯೂಲ್ ಆಗಿ ಇಡು, ಬೇಕಾದಾಗ ಲೋಡ್ ಮಾಡ್ಕೋತೀನಿ. 'ಎನ್' ಅಂದ್ರೆ ಬೇಡ. ಡೆಬಿಯನ್, ಉಬುಂಟು ಥರದವರು ಕೊಡೋ ಕಾನ್ಫಿಗ್ ಎಲ್ಲಾ ಮಷಿನ್‌ಗೂ ಆಗಬೇಕು, ಹಾಗಾಗಿ ಅದರಲ್ಲಿ ಸಾವಿರಾರು 'ಎಂ' ಇರುತ್ತೆ. ನಮ್ಮ ಒಂದು ಮಷಿನ್‌ಗೆ ಅಷ್ಟೆಲ್ಲ ಬೇಡ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಲಿನಕ್ಸ್ ಶುರು ಮಾಡಿದ್ದೇ ಒಂದು ಇಂಟೆಲ್ 386 ಮಷಿನ್ ಮೇಲೆ. ಆ 386ಕ್ಕೇ ಸಪೋರ್ಟ್ 2013ರಲ್ಲಿ ಬಂದ 3.8 ಆವೃತ್ತಿಯಲ್ಲಿ ತೆಗೆದುಹಾಕಿದರು. ಹುಟ್ಟಿದ ಮನೆಯಿಂದಲೇ ಹೊರಗೆ. ಈಗ 32 ಬಿಟ್ ಇಂಟೆಲ್ ಮಷಿನ್‌ಗಳ ಸರದಿ ನಿಧಾನವಾಗಿ ಬರ್ತಿದೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಇವುಗಳಿಗೆ ಇನ್‌ಸ್ಟಾಲರ್ರೂ ಇಲ್ಲ, ರೆಡಿ ಕರ್ನಲ್ಲೂ ಇಲ್ಲ. ಹಾಗಾಗಿ ನಾನು ಡೆಬಿಯನ್ 12 ಮತ್ತು ಅದರ ಜೊತೆಗಿನ 6.1 ಕರ್ನಲ್ ಆರಿಸಿಕೊಂಡೆ.

ಕಂಪೈಲ್ ಮಾಡಿದ್ದು ನನ್ನ ಲ್ಯಾಪ್‌ಟಾಪ್ ಮೇಲೆ. 512 ಎಂಬಿ ಮಷಿನ್ ಮೇಲೇ ಮಾಡಿದ್ದರೆ ರಜೆ ಮುಗಿಯೋದು. ಪೆನ್‌ಡ್ರೈವ್‌ನ ಎರಡು ಭಾಗ ಮಾಡಿದೆ. ಒಂದರಲ್ಲಿ ಸಿಸ್‌ಲಿನಕ್ಸ್ ಬೂಟ್‌ಲೋಡರ್ ಮತ್ತು ಕರ್ನಲ್, ಇನ್ನೊಂದರಲ್ಲಿ ಡೆಬಿಯನ್‌ನ ರೂಟ್ ಫೈಲ್ ಸಿಸ್ಟಂ. ಅದೃಷ್ಟಕ್ಕೆ ಆ ಹಳೇ ಬಯಾಸ್‌ನಲ್ಲಿ ಯುಎಸ್‌ಬಿ ಬೂಟ್ ಇತ್ತು.

ಮೊದಲ ಬಿಲ್ಡ್. ಡೆಬಿಯನ್‌ನ 32 ಬಿಟ್ ಕರ್ನಲ್ ಪ್ಯಾಕೇಜ್ ಎರಡು ಥರ ಇರುತ್ತೆ, '686' ಮತ್ತು '686-ಪಿಎಇ'. ಹೆಸರು ಉದ್ದ ಇರೋದೇ ಒಳ್ಳೇದಿರಬೇಕು ಅಂತ ಎರಡನೇದರ ಕಾನ್ಫಿಗ್ ತಗೊಂಡೆ. 'ಮೇಕ್ ಆರ್ಕ್=ಐ386 ಮೆನುಕಾನ್ಫಿಗ್' ಕೊಟ್ಟು, ನೀಲಿ ಸ್ಕ್ರೀನಿನಲ್ಲಿ ಅಲ್ಲಿ ಇಲ್ಲಿ ಓಡಾಡಿ, ಸೇವ್ ಮಾಡಿ, ಆಮೇಲೆ ಬರೀ 'ಮೇಕ್' ಅಂತ ಹೊಡೆದೆ. ಏನೇನೋ ಹೊಸ ಪ್ರಶ್ನೆ ಕೇಳಿತು. ಎಂಟರ್, ಎಂಟರ್, ಎಂಟರ್. ಮುಕ್ಕಾಲು ಗಂಟೆ ಫ್ಯಾನ್ ಕಿರುಚಿದ ಮೇಲೆ ಕರ್ನಲ್ ರೆಡಿ.

ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದೆ. ಎರಡು ಸಾಲು ಬಂತು: ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು, ಆದರೆ ಇಲ್ಲಿರೋದು ಐ686. ಬೂಟ್ ಮಾಡೋಕಾಗಲ್ಲ, ನಿಮ್ಮ ಸಿಪಿಯುಗೆ ಸರಿಹೋಗೋ ಕರ್ನಲ್ ಬಳಸಿ.

ತಪ್ಪು ಹುಡುಕೋಕೆ ಒಂದು ಗಂಟೆ ಆಯ್ತು. 'ಆರ್ಕ್=ಐ386' ಅನ್ನೋದನ್ನ ಒಂದು ಸಲ ಹೇಳಿದ್ರೆ ಸಾಲದು, ಪ್ರತಿ ಸಲ 'ಮೇಕ್' ಹೊಡೆಯುವಾಗಲೂ ಹೇಳಬೇಕು. ಹೇಳದಿದ್ರೆ ಅದು ನಾನು ಕೂತಿರೋ ಮಷಿನ್ ಯಾವುದು ಅಂತ ನೋಡುತ್ತೆ. ನನ್ನದು 64 ಬಿಟ್. ಹಾಗಾಗಿ ಇಡೀ ಕಾನ್ಫಿಗ್ ಅನ್ನ ಸದ್ದಿಲ್ಲದೆ 64 ಬಿಟ್‌ಗೆ ತಿರುಗಿಸಿ, ಅದರಿಂದ ಹುಟ್ಟಿದ ಹೊಸ ಪ್ರಶ್ನೆಗಳನ್ನ ನನ್ನನ್ನೇ ಕೇಳಿತ್ತು. ನಾನು ಓದದೆ ಎಂಟರ್ ಒತ್ತಿದ್ದೆ. ಸದ್ದಿಲ್ಲದೆ ಅಂತ ಹೇಳೋದೂ ತಪ್ಪು. ಕೇಳಿತ್ತು, ನಾನೇ ಕೇಳಿಸಿಕೊಂಡಿರಲಿಲ್ಲ.

ಎರಡನೇ ಬಿಲ್ಡ್, ಈ ಸಲ ಎಲ್ಲಾ ಕಡೆ ಆರ್ಕ್ ಹಾಕಿ. ರಾತ್ರಿ ಹನ್ನೊಂದೂವರೆಗೆ ಬೂಟ್ ಮಾಡಿದೆ. ಈಗ ಬೇರೆ ತಕರಾರು. ಈ ಕರ್ನಲ್‌ಗೆ ಬೇಕಾದ ಒಂದು ಫೀಚರ್ ನಿಮ್ಮ ಸಿಪಿಯುನಲ್ಲಿ ಇಲ್ಲ: ಪಿಎಇ. ಅದರ ಜೊತೆ ಒಂದು ವಿಚಿತ್ರ ಎಚ್ಚರಿಕೆ. ಪಿಎಇ ಡಿಸೇಬಲ್ ಆಗಿದೆ, ಬೇಕಿದ್ರೆ 'ಫೋರ್ಸ್‌ಪಿಎಇ' ಅಂತ ಕೊಟ್ಟು ನಿಮ್ಮ ರಿಸ್ಕ್ ಮೇಲೆ ಆನ್ ಮಾಡಿಕೊಳ್ಳಿ.

ಇಲ್ಲ ಅಂತಾನೂ ಹೇಳುತ್ತೆ, ಬೇಕಿದ್ರೆ ಆನ್ ಮಾಡ್ಕೋ ಅಂತಾನೂ ಹೇಳುತ್ತೆ. ಏನಿದು?

ಮೊದಲ ಸಲ ಕರ್ನಲ್ ಸೋರ್ಸ್ ಕೋಡ್ ಓದಿದ್ದು ಆ ರಾತ್ರಿ. ಎಕ್ಸ್86ರ ಬೂಟ್ ಫೋಲ್ಡರ್‌ನಲ್ಲಿ 'ಸಿಪಿಯುಚೆಕ್' ಅಂತ ಒಂದು ಸಣ್ಣ ಸಿ ಫೈಲ್ ಇದೆ. ಪ್ರೊಸೆಸರ್‌ನ 'ಸಿಪಿಯುಐಡಿ' ಇನ್‌ಸ್ಟ್ರಕ್ಷನ್ ಕೇಳಿದಾಗ ಅದು ತನಗೆ ಏನೇನು ಬರುತ್ತೆ ಅಂತ ಒಂದಷ್ಟು ಬಿಟ್‌ಗಳಲ್ಲಿ ಹೇಳುತ್ತೆ. ಪಿಎಇ ಬಂದರೆ ಆ ಬಿಟ್ 1, ಬರದಿದ್ದರೆ 0. ಆ ಫೈಲ್‌ನಲ್ಲಿ ಒಂದು ವಿಶೇಷ 'ಇಫ್' ಇದೆ. ಇಂಟೆಲ್ ಸಿಪಿಯು ಆಗಿದ್ದು, ಫ್ಯಾಮಿಲಿ 6 ಆಗಿದ್ದು, ಮಾಡೆಲ್ 9 ಅಥವಾ 13 ಆಗಿದ್ದು, ಕೊರತೆ ಪಿಎಇ ಮಾತ್ರ ಆಗಿದ್ದರೆ ಅಂತ. ಅದು ಪೆಂಟಿಯಂ ಎಂ. ನಮ್ಮದು ಮಾಡೆಲ್ 9. ಈ ಸರಣಿಯ ಎಷ್ಟೋ ಪ್ರೊಸೆಸರ್‌ಗಳು ಪಿಎಇ ಬರಲ್ಲ ಅಂತ ಹೇಳುತ್ತವೆ, ಆದರೆ ಬಲವಂತ ಮಾಡಿದರೆ ಮಾಡುತ್ತವೆ. ಸಾಮರ್ಥ್ಯ ಒಳಗಿದೆ, ಬಿಟ್ ಮಾತ್ರ 0.

'ಫೋರ್ಸ್‌ಪಿಎಇ' ಟೈಪ್ ಮಾಡಿ ಎಂಟರ್ ಕೊಟ್ಟೆ. ಪಟಪಟ ಅಂತ ಸಾಲುಗಳು ಓಡಿದವು. ಖುಷಿಯಲ್ಲಿ ಎದ್ದು ನಿಂತೆ. ಆಮೇಲೆ ನಿಂತುಹೋಯಿತು. ಕರ್ನಲ್ ಪ್ಯಾನಿಕ್. ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡೋಕೆ ಆಗ್ತಿಲ್ಲ. ಗಂಟೆ ಒಂದೂವರೆ. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಮ್ಮ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತಿದ್ದಳು. ಸ್ಕ್ರೀನ್ ಮೇಲೆ ಪ್ಯಾನಿಕ್ ಹಾಗೇ ಇತ್ತು. ನಾನು ಕಣ್ಣುಜ್ಜಿಕೊಳ್ಳುತ್ತಾ ಬಂದೆ.

"ರೂಟ್ ಸಿಗ್ತಿಲ್ವಾ?" ಅಂದಳು.

"ಹೂಂ."

"ಡಿಸ್ಕ್ ಡ್ರೈವರ್ ಮಾಡ್ಯೂಲ್ ಮಾಡಿದೀಯೇನೋ. ಅದು ಒಳಗೇ ಇರಬೇಕಲ್ಲ. ಇಲ್ಲಾಂದ್ರೆ ಇನಿಟ್‌ಆರ್‌ಡಿ ಬೇಕು."

ಹೇಳಿ ಅಡಿಗೆಮನೆಗೆ ಹೋದಳು. ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ಸದ್ದು ಬಂತು. ನಾನು ಅಲ್ಲೇ ನಿಂತಿದ್ದೆ.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಕರ್ನಲ್‌ನಲ್ಲಿ ಯುಎಸ್‌ಬಿ ಸ್ಟೋರೇಜ್ ಡ್ರೈವರ್ 'ಎಂ' ಆಗಿತ್ತು. ಅಂದ್ರೆ ಆ ಡ್ರೈವರ್ ಇದ್ದದ್ದು ಪೆನ್‌ಡ್ರೈವ್ ಒಳಗಿನ ಫೈಲ್ ಸಿಸ್ಟಂನಲ್ಲಿ. ಪೆನ್‌ಡ್ರೈವ್ ಓದೋಕೆ ಆ ಡ್ರೈವರ್ ಬೇಕು. ಬೀಗದ ಕೈ ಪೆಟ್ಟಿಗೆ ಒಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ. ಸಾಮಾನ್ಯವಾಗಿ ಡಿಸ್ಟ್ರೋಗಳು ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಸಣ್ಣ ಪೊಟ್ಟಣದಲ್ಲಿ ಆ ಕೈಯನ್ನ ಹೊರಗೆ ಇಟ್ಟಿರ್ತಾರೆ. ನಾನು ಇಟ್ಟಿರಲಿಲ್ಲ.

ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. "ನಿನಗೆ ಹೇಗೆ ಗೊತ್ತು?"

"ಆ ಲ್ಯಾಪ್‌ಟಾಪ್ ಯಾರದ್ದು ಅಂದ್ಕೊಂಡಿದೀಯ? ಅಪ್ಪಂದಾ?"

ನಿಜ ಹೇಳ್ತೀನಿ, ಹೌದು. ಹಾಗೇ ಅಂದುಕೊಂಡಿದ್ದೆ. ಕೇಳೋಕೂ ಹೋಗಿರಲಿಲ್ಲ.

ಅಮ್ಮ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ 'ಸ್ವಲ್ಪ ದಿನ ಕೆಲಸ ಮಾಡ್ತಿದ್ದಳು' ಅಂತ ಗೊತ್ತಿತ್ತು. ಏನು ಕೆಲಸ ಅಂತ ಯಾರೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಉಪ್ಪಿಟ್ಟು ತಿನ್ನುವಾಗ ಹೇಳಿದಳು. ಸಣ್ಣ ಕಂಪನಿ, ಹನ್ನೆರಡು ಜನ. ಆಗಿನ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಕಾರ್ಡ್ ಹಾಕೋ ಒಂದು ಸ್ಲಾಟ್ ಇರ್ತಿತ್ತಲ್ಲ, ಆ ಕಾರ್ಡ್‌ಗೆ ಲಿನಕ್ಸ್ ಡ್ರೈವರ್ ಬರೀತಿದ್ರು. ಅಮ್ಮಂದು ಟೆಸ್ಟಿಂಗ್. ಹೊಸ ಕರ್ನಲ್ ಬಂದಾಗೆಲ್ಲ ಬಿಲ್ಡ್ ಮಾಡಿ, ಡ್ರೈವರ್ ಮುರಿದಿದೆಯಾ ಅಂತ ನೋಡೋದು. ಮೂರು ವರ್ಷ ಮಾಡಿದ್ದಳು, ಮದುವೆ ಆದ ಮೇಲೂ. 2006ರಲ್ಲಿ ಬಿಟ್ಟಾಗ ಆ ಲ್ಯಾಪ್‌ಟಾಪ್ ಕಂಪನಿಗೆ ಹಳೇದಾಗಿತ್ತು. ಕಡಿಮೆ ದುಡ್ಡಿಗೆ ಕೊಟ್ಟರು, ತಗೊಂಡಳು. ನಾನು ಹುಟ್ಟಿದ್ದೂ 2006ರಲ್ಲೇ.

"ಕರ್ನಲ್ ಅಂದ್ರೆ ನಿನ್ನ ಥರ ಅಂತ ನಾನು ಹೇಳ್ದಾಗ ಯಾಕೆ ಸುಮ್ಮನಿದ್ದೆ?"

"ಚೆನ್ನಾಗಿ ಹೇಳ್ತಿದ್ದೆ, ಯಾಕೆ ತಡೀಲಿ" ಅಂತ ನಕ್ಕಳು. ಆಮೇಲೆ, "ಅದರ ಡಿಸ್ಕ್‌ನಲ್ಲಿ ನನ್ನ ಕಾನ್ಫಿಗ್ ಇರಬೇಕು, ಬೂಟ್ ಡೈರೆಕ್ಟರಿಯಲ್ಲಿ. ಹಳೇದು, ನಿನಗೆ ಉಪಯೋಗ ಆಗಲ್ಲವೇನೋ. ಬೇಕಾದ್ರೆ ನೋಡು. ರೀಡ್ ಓನ್ಲಿ ಮೌಂಟ್ ಮಾಡು" ಅಂದಳು.

ಡೆಬಿಯನ್ 12ರ ಇನ್‌ಸ್ಟಾಲರ್‌ನ ರೆಸ್ಕ್ಯೂ ಮೋಡ್‌ನಲ್ಲಿ ಬೂಟ್ ಮಾಡಿ, ಡಿಸ್ಕ್‌ನ ರೀಡ್ ಓನ್ಲಿ ಮೌಂಟ್ ಮಾಡಿದೆ. ಅದು ಎಕ್ಸ್ಟ್3. ಈಗಿನ ಕರ್ನಲ್‌ನಲ್ಲಿ ಎಕ್ಸ್ಟ್3ಗೆ ಪ್ರತ್ಯೇಕ ಡ್ರೈವರ್ ಇಲ್ಲ, ಎಕ್ಸ್ಟ್4 ಡ್ರೈವರ್ರೇ ಅದನ್ನೂ ಓದುತ್ತೆ. ಬೂಟ್ ಡೈರೆಕ್ಟರಿಯಲ್ಲಿ ಹದಿನಾಲ್ಕು ಫೈಲ್ ಇದ್ದವು. 'ಕಾನ್ಫಿಗ್-2.6.11-ಟೆಸ್ಟ್1' ಇಂದ 'ಟೆಸ್ಟ್14' ವರೆಗೆ. 2.6.11 ಬಂದದ್ದು 2005ರ ಮಾರ್ಚ್‌ನಲ್ಲಿ.

"ಹದಿನಾಲ್ಕು ಯಾಕೆ?" ಅಂದೆ.

"ಮೊದಲ ಮೂರು ಬೂಟೇ ಆಗಲಿಲ್ಲ" ಅಂದಳು ಅಮ್ಮ.

ಟೆಸ್ಟ್14 ತೆರೆದು ಇಬ್ಬರೂ ಕೂತೆವು. ಕಾನ್ಫಿಗ್ ಫೈಲ್‌ನಲ್ಲಿ ಒಂದು ವಿಶೇಷ ಇದೆ. ಬೇಡ ಅಂದಿದ್ದನ್ನ ಅದು ಅಳಿಸಿಹಾಕಲ್ಲ, ಮುಂದೆ ಒಂದು ಹ್ಯಾಶ್ ಹಾಕಿ 'ಸೆಟ್ ಆಗಿಲ್ಲ' ಅಂತ ಬರೆದಿಡುತ್ತೆ. ಅಮ್ಮ ಮೊದಲು ಓದಿದ್ದು ಆ ಸಾಲುಗಳನ್ನ. "ಏನು ಇದೆ ಅಂತ ನೋಡಬೇಡ, ಏನು ತೆಗೆದಿದೀನಿ ಅಂತ ನೋಡು" ಅಂದಳು. ಬೆರಳಿಟ್ಟು ತೋರಿಸುತ್ತಾ ಹೋದಳು. ಇಪ್ಪತ್ತು ವರ್ಷ ಆಗಿದೆ, ಕೆಲವಕ್ಕೆ "ಇದು ಯಾಕೆ ಅಂತ ಮರೆತುಹೋಯ್ತು" ಅಂದಳು. ಹೆಚ್ಚಿನದ್ದು ನೆನಪಿತ್ತು.

ಪ್ರೊಸೆಸರ್ ಫ್ಯಾಮಿಲಿ: ಪೆಂಟಿಯಂ ಎಂ. ಆ ಆಯ್ಕೆ 6.1ರಲ್ಲೂ ಅದೇ ಹೆಸರಲ್ಲಿ ಇದೆ.

ಎಸ್‌ಎಂಪಿ: ಸೆಟ್ ಆಗಿಲ್ಲ. ಒಂದಕ್ಕಿಂತ ಹೆಚ್ಚು ಕೋರ್ ಇದ್ದರೆ ಮಾತ್ರ ಇದು ಬೇಕು. ಇರೋದು ಒಂದೇ ಕೋರ್. ಎಸ್‌ಎಂಪಿ ತೆಗೆದರೆ ನಾವು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಸ್ಪಿನ್‌ಲಾಕ್ ಸುತ್ತೋ ಕೆಲಸವೇ ಮಾಡಲ್ಲ. ಇನ್ನೊಂದು ಕೋರ್ ಇಲ್ಲದಿದ್ರೆ ಯಾರಿಗೆ ಕಾಯೋದು? ಪ್ರಿಎಂಪ್ಷನ್ ನಿಲ್ಲಿಸಿದ್ರೆ ಸಾಕು. ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದು ಆವತ್ತು ಅರ್ಥ ಆಯ್ತು.

ಹೈಮೆಮ್: ಬೇಡ. ಇದೇ ನನ್ನ ಪಿಎಇ ಕಥೆಯ ಮೂಲ. 32 ಬಿಟ್ ಅಂದ್ರೆ ಒಟ್ಟು 4 ಜಿಬಿ ವಿಳಾಸ. ಮಾಮೂಲಿಯಾಗಿ ಅದರಲ್ಲಿ 3 ಜಿಬಿ ಪ್ರೋಗ್ರಾಂಗಳಿಗೆ, 1 ಜಿಬಿ ಕರ್ನಲ್‌ಗೆ. ಆ 1 ಜಿಬಿಯಲ್ಲಿ 128 ಎಂಬಿ ಬೇರೆ ಕೆಲಸಕ್ಕೆ ಎತ್ತಿಟ್ಟು, ಉಳಿದ 896 ಎಂಬಿ ರ‍್ಯಾಮ್‌ನ ಕರ್ನಲ್ ನೇರವಾಗಿ ಮುಟ್ಟಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಹೈಮೆಮ್ ಅನ್ನೋ ಸುತ್ತುಬಳಸು ದಾರಿ. 4 ಜಿಬಿಗಿಂತಲೂ ಜಾಸ್ತಿ ಇದ್ದರೆ ಪಿಎಇ, 36 ಬಿಟ್ ಭೌತಿಕ ವಿಳಾಸ, 64 ಜಿಬಿ ವರೆಗೆ. ಅದರ ಬೆಲೆ ಏನಂದ್ರೆ ಪೇಜ್ ಟೇಬಲ್‌ನ ಪ್ರತಿ ಎಂಟ್ರಿ 4 ಬೈಟ್ ಬದಲು 8 ಬೈಟ್ ಆಗುತ್ತೆ. ನಮ್ಮ ಮಷಿನ್‌ನಲ್ಲಿ ಇರೋದು 512 ಎಂಬಿ. 64 ಜಿಬಿಯ ವ್ಯವಸ್ಥೆ ಕಟ್ಟಿ, ಅದು ಬರಲ್ಲ ಅಂತ ಹೇಳೋ ಸಿಪಿಯುಗೆ ಬಲವಂತ ಮಾಡಿ, ಇಡೀ ರಾತ್ರಿ ಕೂತಿದ್ದೆ ನಾನು. ಬೇಕೇ ಇರಲಿಲ್ಲ.

ಸೌಂಡ್: ಸೆಟ್ ಆಗಿಲ್ಲ. "ಟೆಸ್ಟಿಂಗ್ ಮಷಿನ್‌ಗೆ ಹಾಡು ಯಾಕೆ?"

ಅಮ್ಮನ ಕಾನ್ಫಿಗ್‌ನ ಹಾಗೇ ಬಳಸೋಕೆ ಆಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಹೆಸರು ಬದಲಾಗಿದೆ. ಅವಳ ಕಾಲದಲ್ಲಿ ಈ ಡಿಸ್ಕ್ 'ಎಚ್‌ಡಿಎ' ಆಗಿತ್ತು, ಹಳೇ ಐಡಿಇ ಡ್ರೈವರ್ ಕೆಳಗೆ. ಆ ಐಡಿಇ ಕೋಡ್‌ನ 2021ರಲ್ಲಿ 5.14 ಆವೃತ್ತಿಯಿಂದ ಪೂರ್ತಿ ತೆಗೆದಿದ್ದಾರೆ. ಈಗ ಅದೇ ಡಿಸ್ಕ್ 'ಎಸ್‌ಡಿಎ', ಡ್ರೈವರ್ ಬೇರೆ. "ನಮ್ಮ ಎಚ್‌ಡಿಎ ಹೋಯ್ತಾ?" ಅಂತ ಅಮ್ಮ ಯಾರೋ ಪರಿಚಯದವರು ತೀರಿಕೊಂಡ ಹಾಗೆ ಕೇಳಿದಳು.

ಹಾಗಾಗಿ ಅವಳ ಫೈಲ್‌ನ ಪಕ್ಕದಲ್ಲಿಟ್ಟುಕೊಂಡು ಹೊಸದಾಗಿ ಮಾಡಿದೆವು. ರೆಸ್ಕ್ಯೂ ಮೋಡ್‌ನಲ್ಲಿ ಹಳೇ ಲ್ಯಾಪ್‌ಟಾಪ್ ಮೇಲೆ 'ಎಲ್‌ಎಸ್‌ಮಾಡ್' ಓಡಿಸಿ, ಆ ಪಟ್ಟಿಯನ್ನ ಫೈಲ್ ಮಾಡಿ ನನ್ನ ಮಷಿನ್‌ಗೆ ತಂದೆ. 'ಲೋಕಲ್‌ಮಾಡ್‌ಕಾನ್ಫಿಗ್'ಗೆ ಆ ಪಟ್ಟಿ ಕೊಟ್ಟರೆ, ಅದರಲ್ಲಿ ಇಲ್ಲದ ಮಾಡ್ಯೂಲ್‌ಗಳನ್ನೆಲ್ಲ ಕಾನ್ಫಿಗ್‌ನಿಂದ ತೆಗೆದುಹಾಕುತ್ತೆ. ಇಲ್ಲೊಂದು ಎಚ್ಚರಿಕೆ: ಪಟ್ಟಿ ಕೊಡದಿದ್ರೆ ಅದು ನೀವು ಕೂತಿರೋ ಮಷಿನ್‌ನ ಪಟ್ಟಿ ತಗೊಳ್ಳುತ್ತೆ. ಮತ್ತೆ ಆರ್ಕ್ ಕಥೆಯೇ. ಇನ್ನೊಂದು ಎಚ್ಚರಿಕೆ: ಆ ಕ್ಷಣ ಲೋಡ್ ಆಗಿರದ ಡ್ರೈವರ್ ಬೇಡ ಅಂತಲೇ ಲೆಕ್ಕ. ಆಮೇಲೆ ಮೆನುಕಾನ್ಫಿಗ್‌ಗೆ ಹೋಗಿ ಹೈಮೆಮ್ ತೆಗೆದೆ, ಎಸ್‌ಎಂಪಿ ತೆಗೆದೆ, ಡೀಬಗ್ ಇನ್ಫೋ ತೆಗೆದೆ. ಯುಎಸ್‌ಬಿ ಹೋಸ್ಟ್, ಯುಎಸ್‌ಬಿ ಸ್ಟೋರೇಜ್, ಡಿಸ್ಕ್, ಎಕ್ಸ್ಟ್4, ಇವನ್ನೆಲ್ಲ 'ವೈ' ಮಾಡಿದೆ. ಕಮಾಂಡ್ ಲೈನ್‌ಗೆ 'ರೂಟ್‌ವೇಟ್' ಸೇರಿಸಿದೆ, ಯಾಕಂದ್ರೆ ಯುಎಸ್‌ಬಿ ಪೆನ್‌ಡ್ರೈವ್ ಕಾಣಿಸಿಕೊಳ್ಳೋಕೆ ಸ್ವಲ್ಪ ಟೈಂ ತಗೊಳ್ಳುತ್ತೆ, ಅಲ್ಲಿವರೆಗೆ ಕರ್ನಲ್ ಕಾಯಬೇಕು.

ಈ ಸಲ ಬಿಲ್ಡ್ ಏಳು ನಿಮಿಷಕ್ಕೆ ಮುಗೀತು. "ಏಳು ನಿಮಿಷಾನಾ? ನಾವು ಊಟಕ್ಕೆ ಹೋಗೋ ಮುಂಚೆ ಹಾಕ್ತಿದ್ವಿ, ವಾಪಸ್ ಬಂದು ನೋಡಿದ್ರೆ ಎಲ್ಲೋ ಎರರ್ ಬಂದು ನಿಂತಿರೋದು" ಅಂದಳು.

ಬೂಟ್ ಆಯ್ತು. ಕರಿ ಸ್ಕ್ರೀನ್, ಬಿಳಿ ಅಕ್ಷರ, ಲಾಗಿನ್ ಪ್ರಾಂಪ್ಟ್. ಅಷ್ಟೇ. ಸಿನಿಮಾದಲ್ಲಿ ಆಗಿದ್ರೆ ಮ್ಯೂಸಿಕ್ ಬರ್ತಿತ್ತು, ಆದರೆ ನಮ್ಮ ಕರ್ನಲ್‌ನಲ್ಲಿ ಸೌಂಡ್ ಇರಲಿಲ್ಲ. ರೆಸ್ಕ್ಯೂ ಮೋಡ್‌ನಲ್ಲಿ ಸೌಂಡ್ ಮಾಡ್ಯೂಲ್ ಲೋಡ್ ಆಗಿರಲಿಲ್ಲ, ಅದಕ್ಕೆ ಲೋಕಲ್‌ಮಾಡ್‌ಕಾನ್ಫಿಗ್ ಕಿತ್ತುಹಾಕಿತ್ತು. ಹಾಕೋಣ ಅಂದೆ. ಅಮ್ಮ ಬೇಡ ಅಂದಳು.

ನಾನು ಲಾಗಿನ್ ಆಗಿ ಕೀಬೋರ್ಡ್ ಅವಳ ಕಡೆ ತಿರುಗಿಸಿದೆ. ಒಂದು ಕ್ಷಣ ಸುಮ್ಮನಿದ್ದು, 'ಯುನೇಮ್ -ಎ' ಅಂತ ಟೈಪ್ ಮಾಡಿದಳು. ಎರಡೂ ಕೈಯಲ್ಲಿ, ಕೀ ನೋಡದೆ. ಫೋನಿನಲ್ಲಿ ಒಂದು ಬೆರಳಲ್ಲಿ ವಾಟ್ಸಾಪ್ ಟೈಪ್ ಮಾಡೋ ಅಮ್ಮ. ಅವಳಿಗೆ ಯುಪಿಐ ಕಲಿಸುವಾಗ ನಾನು ಎಷ್ಟು ಸಲ "ಅಯ್ಯೋ ಅಮ್ಮ, ಅದಲ್ಲ, ಇಲ್ಲಿ ಒತ್ತು" ಅಂತ ರೇಗಿದ್ದೀನಿ. 6.1 ಅಂತ ಬಂದದ್ದನ್ನ ನೋಡಿ, "ಪರವಾಗಿಲ್ಲ" ಅಂದಳು. ಕುಕ್ಕರ್ ಕೂಗಿತು, ಎದ್ದುಹೋದಳು.

ಆ ಸಂಜೆ ಕೇಳಿದೆ, ಯಾಕೆ ಬಿಟ್ಟೆ ಅಂತ. ನನ್ನಿಂದಾನಾ ಅಂತಾನೂ ಕೇಳಿದೆ. ಕೇಳೋಕೆ ಸ್ವಲ್ಪ ಭಯ ಆಗಿತ್ತು.

"ನಿನ್ನಿಂದ ಅಂತಲ್ಲ. ಅಜ್ಜಿಗೆ ಹುಷಾರಿರಲಿಲ್ಲ, ಅಪ್ಪಂಗೆ ಇಲ್ಲೇ ಊರಲ್ಲಿ ಕೆಲಸ. ಕಂಪನೀನೂ ಎಷ್ಟು ದಿನ ಇರುತ್ತೋ ಅನ್ನೋ ಹಾಗಿತ್ತು. ಆಗ ಅದೇ ಸರಿ ಅನ್ನಿಸ್ತು. ಎರಡು ವರ್ಷ ಆದ್ಮೇಲೆ ಮತ್ತೆ ಹೋಗೋಣ ಅಂದ್ಕೊಂಡಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಈಗ ಸರಿ ಮಾಡಿದ್ನಾ ಅಂತ ಕೇಳಿದ್ರೆ ಗೊತ್ತಿಲ್ಲ ಕಣೇ" ಅಂದಳು. ಅಳಲಿಲ್ಲ, ಬೇಜಾರೂ ತೋರಿಸಲಿಲ್ಲ. ಬಟ್ಟೆ ಮಡಚ್ತಾ ಇದ್ದಳು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ, ಇನ್ನೊಂದು ತುದಿ ಹಿಡಿದು ಬೆಡ್‌ಶೀಟ್ ಮಡಚಿದೆ.

ಕಾಲೇಜಿಗೆ ಸೇರುವಾಗ ತುಂಬಿದ ಫಾರ್ಮ್ ನೆನಪಾಯ್ತು. 'ತಾಯಿಯ ಉದ್ಯೋಗ' ಅನ್ನೋ ಕಡೆ ನಾನು 'ಹೋಮ್‌ಮೇಕರ್' ಅಂತ ಬರೆದಿದ್ದೆ. ಅದು ಸುಳ್ಳಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದಳು, ಅವಳನ್ನ ಕೇಳದೇ ಬರೆದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ 'ಆಧಾರವಾಗಿ ಬಳಸಿದ ಕಾನ್ಫಿಗರೇಶನ್' ಅನ್ನೋ ಸಾಲಿನಲ್ಲಿ ಅಮ್ಮನ ಹೆಸರು ಹಾಕಲಾ ಅಂತ ಈ ಸಲ ಕೇಳಿದೆ. "ಹಾಕು" ಅಂದಳು. "ಇನಿಷಿಯಲ್ ಮದುವೆಗೆ ಮುಂಚಿಂದು ಹಾಕು. ಆ ಫೈಲ್‌ಗಳೆಲ್ಲ ಆ ಹೆಸರಲ್ಲೇ ಇರೋದು."

ಡೆಮೋ ದಿನ ಮಷಿನ್ ಬೂಟ್ ಆಯ್ತು, ಮಾರ್ಕ್ಸ್ ಬಂತು. ಸರ್ ಆ ಹೆಸರು ಯಾರದ್ದು ಅಂತ ಕೇಳಿದರು, ಹೇಳಿದೆ.

ರಜೆಯ ಕೊನೆ ರಾತ್ರಿ ನಡೆದ ಒಂದು ವಿಷಯ ಹೇಳಿ ಮುಗಿಸ್ತೀನಿ. ನಾನು ಗಿಟ್‌ನಲ್ಲಿ ಏನೋ ಮಾಡ್ತಿದ್ದೆ. ಅಮ್ಮ, "ಇದೇನು?" ಅಂದಳು. ಅವಳ ಕಾಲದಲ್ಲಿ ಟಾರ್‌ಬಾಲ್ ಇಳಿಸಿಕೊಂಡು ಪ್ಯಾಚ್ ಹಾಕೋದಷ್ಟೇ. ಲಿನಸ್ ಗಿಟ್ ಬರೆದಿದ್ದೇ 2005ರ ಏಪ್ರಿಲ್‌ನಲ್ಲಿ. ಕರ್ನಲ್‌ನ ಪೂರ್ತಿ ಇತಿಹಾಸ ಇದರಲ್ಲಿದೆ, ಯಾರು ಯಾವ ಸಾಲು ಯಾವಾಗ ಬದಲಾಯಿಸಿದರು ಅಂತ ಎಲ್ಲಾ ನೋಡಬಹುದು ಅಂದೆ. "ನಮ್ಮ 2.6.11 ತೋರಿಸು" ಅಂದಳು. ಲಾಗ್‌ನ ಕೊನೆಗೆ ಹೋದೆ. ಅತ್ಯಂತ ಹಳೆಯ ಕಮಿಟ್, 2005ರ ಏಪ್ರಿಲ್ 16, ಲಿನಸ್ ಟೊರ್ವಾಲ್ಡ್ಸ್, 2.6.12-ಆರ್‌ಸಿ2. ಅದಕ್ಕಿಂತ ಹಿಂದಿನ ಇತಿಹಾಸ ಸೇರಿಸೋ ಗೋಜಿಗೆ ಸದ್ಯಕ್ಕೆ ಹೋಗ್ತಿಲ್ಲ ಅಂತ ಅವರೇ ಅಲ್ಲಿ ಬರೆದಿದ್ದಾರೆ. ಅಮ್ಮನ ಆವೃತ್ತಿ ಒಂದೂವರೆ ತಿಂಗಳಲ್ಲಿ ತಪ್ಪಿಹೋಗಿತ್ತು.

"ನಾವು ಇದಕ್ಕೂ ಮುಂಚಿನವರು" ಅಂತ ಅಮ್ಮ ನಕ್ಕಳು.

ನಾನು ಒಂದು ಹೊಸ ಫೋಲ್ಡರ್ ಮಾಡಿ, ಹದಿನಾಲ್ಕು ಕಾನ್ಫಿಗ್ ಫೈಲ್ ಅದರೊಳಗೆ ಹಾಕಿ, 'ಗಿಟ್ ಇನಿಟ್' ಕೊಟ್ಟೆ. ಒಂದೊಂದೇ ಫೈಲ್ ಕ್ರಮವಾಗಿ ಕಮಿಟ್ ಮಾಡೋದು ತೋರಿಸಿದೆ. ಟೆಸ್ಟ್1 ನಾನು ಮಾಡಿದೆ. ಟೆಸ್ಟ್2 ಅಮ್ಮ ನೋಡಿಕೊಂಡು ಮಾಡಿದಳು. ಟೆಸ್ಟ್3ಕ್ಕೆ ನನ್ನ ಕೈ ಪಕ್ಕಕ್ಕೆ ತಳ್ಳಿ, "ನೀನು ಮಲಗು, ಬೆಳಿಗ್ಗೆ ಬಸ್ ಇದೆ" ಅಂದಳು. ನಾನು ಮಲಗಿದೆ. ಬೆಳಿಗ್ಗೆ ನೋಡಿದರೆ ಹದಿನಾಲ್ಕು ಕಮಿಟ್ ಇದ್ದವು. ಪ್ರತಿಯೊಂದಕ್ಕೂ ಒಂದು ಸಾಲಿನ ಮೆಸೇಜ್, ಯಾಕೆ ಬೂಟ್ ಆಗಲಿಲ್ಲ, ಏನು ಬದಲಾಯಿಸಿದೆ ಅಂತ. ಎರಡು ಕಡೆ ಮಾತ್ರ 'ಮರೆತುಹೋಗಿದೆ' ಅಂತ ಬರೆದಿದ್ದಳು.